ಹೆಪ್ಪುಗಟ್ಟದ ಹಾಲು

ಹಸು ನೀರು ಕುಡಿಯುವ ಸದ್ದು ನನಗೆ ಇಂದಿಗೂ ಆಗುವುದಿಲ್ಲ. ನೀರಿನ ಬಾನಿಗೆ ಮೂತಿ ಇಟ್ಟು, ನಡುವೆ ಉಸಿರೂ ಬಿಡದೆ, ಉದ್ದಕ್ಕೆ ಎಳೆದುಕೊಳ್ಳುವ ಸದ್ದು. ಹೆಬ್ಬೂರಿನ ನನ್ನ ತವರಿನಲ್ಲಿ ಬಾಣಂತಿ ಕೋಣೆಗೂ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಗೋಡೆಯ ಆ ಕಡೆ ಗೌರಿ ಎಂಬ ಸೀಮೆ ಹಸು ಬಾನಿ ಖಾಲಿ ಮಾಡುತ್ತಿತ್ತು. ಈ ಕಡೆ ನಾನು ತಲೆಗೂ ಕಿವಿಗೂ ಬಟ್ಟೆ ಬಿಗಿದುಕೊಂಡು, ಒಣಗಿದ ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸುತ್ತಾ ಮಲಗಿರುತ್ತಿದ್ದೆ.

ನನಗೆ ನೀರು ಕೊಡುವಂತಿರಲಿಲ್ಲ. ಬಾಣಂತಿ ನೀರು ಕುಡಿದರೆ ಮೈ ಊದುತ್ತದೆ, ಹೊಟ್ಟೆ ಜೋಲುತ್ತದೆ, ಹೊಲಿಗೆ ಹಾಕಿದ್ದರೆ ನಂಜಾಗುತ್ತದೆ ಎಂದು ನಮ್ಮ ಕಡೆಯ ಹೆಂಗಸರೆಲ್ಲ ನಂಬಿದ್ದರು. ಮೊಸರು, ಮಜ್ಜಿಗೆಯ ಮಾತೇ ಇಲ್ಲ. ನಾನು ಬಿ.ಎಸ್ಸಿ. ಓದಿದ್ದೆ. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ಆದರೆ ಆ ಕೋಣೆಯೊಳಗೆ ಹೋದ ಮೇಲೆ ಓದು ಹೊರಗೆ ಬಿಟ್ಟ ಚಪ್ಪಲಿಯಂತೆ ಹೊರಗೇ ಉಳಿಯಿತು.

ಇದು ಹತ್ತು ವರ್ಷದ ಹಿಂದಿನ, ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕಾರಣ ನಾಚಿಕೆ. ಎದೆನೋವು, ಕಾಮಾಲೆ ಎಂದರೆ ನಾಲ್ಕು ಜನ ಕೂತು ಕೇಳುತ್ತಾರೆ. ಭೇದಿ ಎಂದರೆ ಮುಖ ತಿರುಗಿಸಿ ನಗುತ್ತಾರೆ. ಭೇದಿಯಿಂದ ಸಾಯುವ ಹತ್ತಿರ ಹೋಗಿಬಂದವರು ಅದನ್ನು ಯಾರಿಗೂ ಹೇಳದೆ ಸೆರಗಿನೊಳಗೇ ಇಟ್ಟುಕೊಂಡಿರುತ್ತಾರೆ. ಅಂಥವರು ಯಾರಾದರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿ ಮಗಳನ್ನು ಹೊರತೆಗೆದರು. ಹೊಲಿಗೆಯ ಒಂದು ತುದಿ ಕೀವಾಯಿತು. ಕೆಂಪು-ಕಪ್ಪು ಬಣ್ಣದ ಕ್ಯಾಪ್ಸೂಲು ಬರೆದುಕೊಟ್ಟರು. ಅದು ತಪ್ಪಲ್ಲ. ಅವು ಇಲ್ಲದಿದ್ದರೆ ಆ ಕೀವೇ ನನ್ನನ್ನು ಕರೆದುಕೊಂಡು ಹೋಗುತ್ತಿತ್ತೋ ಏನೋ. ಗಾಯ ಒಣಗಿತು, ಕ್ಯಾಪ್ಸೂಲು ಮುಗಿಯಿತು. ಅಲ್ಲಿಗೆ ನಿಲ್ಲಬೇಕಿತ್ತು.

ನಿಲ್ಲದೇ ಹೋದದ್ದು ಪ್ರೀತಿಯಿಂದ. ನನ್ನ ಗಂಡ ನಾಗರಾಜು ಕುಣಿಗಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ತಾಯಿ ಇಲ್ಲದ ಅವರನ್ನು ಸಾಕಿದ್ದು ಗುಬ್ಬಿಗೆ ಕೊಟ್ಟಿದ್ದ ಅಕ್ಕ ಗಂಗಮ್ಮ. ನನಗೆ ಅತ್ತಿಗೆಯೂ ಅವರೇ, ಅತ್ತೆಯೂ ಅವರೇ. ಅವರ ಅಡುಗೆಮನೆಯ ಗೂಡಿನಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಮನೆಯಲ್ಲಿ ಯಾರಿಗೆ ಏನು ಕಾಯಿಲೆಯಾದರೂ ಮಿಕ್ಕ ಮಾತ್ರೆಗಳೆಲ್ಲ ಅದಕ್ಕೆ ಬೀಳುತ್ತಿದ್ದವು. ಕೆಂಪು-ಕಪ್ಪು ಕೀವಿಗೆ, ಹಳದಿ ಜ್ವರಕ್ಕೆ, ಬಿಳಿ ನೋವಿಗೆ. ಬೀದಿಯಲ್ಲಿ ಯಾರು ಕೆಮ್ಮಿದರೂ ಅತ್ತಿಗೆ ಆ ಬಾಟಲಿ ಹಿಡಿದು ಹೋಗುತ್ತಿದ್ದರು. ಮಗು ನೋಡಲು ಬಂದಾಗಲೂ ಅದು ಅವರ ಚೀಲದಲ್ಲಿತ್ತು.

"ಇನ್ನೊಂದಷ್ಟು ದಿನ ತಗೋ" ಎಂದರು.

"ಡಾಕ್ಟ್ರು ಸಾಕು ಅಂದಿದಾರೆ ಅತ್ತಿಗೆ."

"ಅವ್ರಿಗೇನು, ಸಾಕು ಅಂತಾರೆ. ಹಸಿ ಮೈ ಕಣೇ ನಿಂದು. ಕೀವು ಮೇಲೆ ಒಣಗಿರುತ್ತೆ, ಒಳಗೇನಾಗಿದ್ಯೋ ಯಾರ್ ನೋಡಿದಾರೆ?"

ನನ್ನ ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳು ಹೆಣ್ಣಿನ ಕಡೆಯವಳು. ಗಂಡಿನ ಕಡೆಯ ಹಿರಿಯರು ಮಾತಾಡುವಾಗ ಹೆಣ್ಣಿನ ಕಡೆಯವರು ತಲೆಯಾಡಿಸಬೇಕು. ಅವ್ವ ತಲೆಯಾಡಿಸಿದಳು. ಅಷ್ಟೇ ಅಲ್ಲ, ಒಂದು ಲೋಟ ಬಿಸಿನೀರನ್ನೂ ತಂದುಕೊಟ್ಟಳು. ಆ ವಾರ ನನಗೆ ಸಿಕ್ಕಿದ ನೀರೆಂದರೆ ಹೆಚ್ಚುಕಡಿಮೆ ಕ್ಯಾಪ್ಸೂಲು ನುಂಗಲು ಕೊಟ್ಟದ್ದೇ.

ಭೇದಿ ಹಿಡಿದುಕೊಂಡಿತು. ಮೊದಲು ನೀರಿನಂತೆ, ಆಮೇಲೆ ಲೋಳೆಯಂತೆ. ಅದರ ವಾಸನೆ ನಾನು ಹಿಂದೆಂದೂ ಕಂಡಿರದ ವಾಸನೆ, ನನ್ನದೇ ಮೈಯಿಂದ ಬಂದದ್ದು ಎಂದು ನಂಬಲಾಗದಂಥದ್ದು. ನೀರು ನೀರಾಗಿ ಹೋಗುತ್ತಿದೆ ಎಂದು ಇದ್ದಷ್ಟು ನೀರನ್ನೂ ನಿಲ್ಲಿಸಿದರು. ಹೊಟ್ಟೆಗೆ ನಂಜು ಸೇರಿದೆ ಎಂದು ಕ್ಯಾಪ್ಸೂಲನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಇದ್ದದ್ದನ್ನು ಎರಡೆರಡು ಮಾಡಿದರು. ಕಾಲರಾ ಇರಬಹುದೆಂದು ಬೀದಿಯಲ್ಲಿ ಮಾತಾಯಿತು. ಮಗು ನೋಡಲು ಬರುತ್ತಿದ್ದವರು ಜಗಲಿಯಲ್ಲೇ ನಿಂತು ಹೋದರು. ಮಗು ಎದೆಗೆ ಬಾಯಿ ಹಾಕಿ, ಏನೂ ಸಿಗದೆ, ಕಿರುಚಿ ಕಿರುಚಿ ದನಿ ಕಳೆದುಕೊಂಡಿತು.

ಅದೇ ದಿನಗಳಲ್ಲಿ ಗೌರಿಗೆ ಕೆಚ್ಚಲು ಬಾವು ಬಂದಿತ್ತು. ದನದ ಡಾಕ್ಟರು ಬಂದು ಮೊಲೆತೊಟ್ಟಿನೊಳಗೆ ಔಷಧಿಯ ಟ್ಯೂಬು ಹಿಂಡಿ ಹೋಗಿದ್ದರು. ಆ ಹಾಲನ್ನು ಡೇರಿಗೆ ಹಾಕಬಾರದೆಂದು ಹೇಳಿದ್ದರಿಂದ ಅವ್ವ ಅದನ್ನು ಕಾಯಿಸಿ ಹೆಪ್ಪು ಹಾಕುತ್ತಿದ್ದಳು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇರುತ್ತಿತ್ತು.

"ಹೆಪ್ಪು ಕೆಟ್ಟೋಯ್ತೋ ಏನೋ. ಪಕ್ಕದ್ಮನೆಯಿಂದ ಹೊಸಾ ಹೆಪ್ಪು ಇಸ್ಕಂಬಂದು ಹಾಕ್ದೆ, ಅದಕ್ಕೂ ಆಗ್ಲಿಲ್ಲ" ಎಂದು ಅವ್ವ ನನ್ನ ಬಾಗಿಲಲ್ಲಿ ನಿಂತು ಗೊಣಗಿದ್ದು ನೆನಪಿದೆ. ನನಗೆ ಕೇಳಿಸಿದ್ದು ಹಾಲು ಎಂಬ ಮಾತು ಮಾತ್ರ. ಅದು ಕುಡಿಯುವ ವಸ್ತು ಎಂದು ಬಾಯಿ ಆಡಿತು.

ಒಂದು ಬೆಳಿಗ್ಗೆ ಬಚ್ಚಲಿಗೆ ಎದ್ದವಳು ಹೊಸ್ತಿಲಲ್ಲೇ ಕುಸಿದೆ. ಬಸ್ಸಿಗೆ ಕಾಯುವ ಸ್ಥಿತಿ ಇರಲಿಲ್ಲ. ತುಮಕೂರಿಗೆ ಹಾಲು ಸಾಗಿಸುವ ವ್ಯಾನು ಊರಿನ ಮುಂದೆ ನಿಂತಿತ್ತು. ಕ್ಯಾನುಗಳನ್ನು ಒಂದು ಬದಿಗೆ ಸರಿಸಿ, ನಡುವೆ ಚಾಪೆ ಹಾಸಿ ನನ್ನನ್ನು ಮಲಗಿಸಿದರು. ವ್ಯಾನು ಕುಲುಕಿದಾಗಲೆಲ್ಲ ಕ್ಯಾನಿನೊಳಗೆ ಹಾಲು ತುಳುಕುವುದು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಹಿಂದಿನ ರಾತ್ರಿ ಬಂದಿದ್ದ ನಾಗರಾಜು ನನ್ನ ತಲೆ, ಅವ್ವ ನನ್ನ ಕಾಲು ಹಿಡಿದುಕೊಂಡಿದ್ದರು. ಮಗು ಊರಿನಲ್ಲೇ ಚಿಕ್ಕವ್ವನ ಕೈಯಲ್ಲಿ ಉಳಿಯಿತು. ಅದರ ಮುಖವನ್ನು ಸರಿಯಾಗಿ ನೋಡಿ ಬರಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕಾದದ್ದು ಎಷ್ಟು ಹೊತ್ತೋ ತಿಳಿಯದು. ಫಿನಾಯಿಲ್ ವಾಸನೆ, ಗೋಡೆಗೆ ಒರಗಿ ಒರಗಿ ಜನರ ತಲೆಯೆಣ್ಣೆಯಿಂದ ಕಪ್ಪಾದ ಸುಣ್ಣ. ನಾನು ಕೂತಲ್ಲೇ ಸೀರೆ ಕೆಡಿಸಿಕೊಂಡೆ. ಪಕ್ಕದಲ್ಲಿದ್ದವರು ಎದ್ದು ದೂರ ಹೋದರು. ಒಬ್ಬ ಆಯಾ ಬಂದು ತನ್ನ ಹೆಗಲ ಮೇಲಿದ್ದ ಟವಲನ್ನು ನನ್ನ ಸೊಂಟಕ್ಕೆ ಸುತ್ತಿ ಒಳಗೆ ನಡೆಸಿಕೊಂಡು ಹೋದಳು. ಆಮೇಲೆ ಯಾವ ಸೂಜಿ, ಯಾವ ಬಾಟಲಿ ಎಂಬುದೆಲ್ಲ ಮರೆತಿದ್ದೇನೆ. ಆ ಟವಲಿನ ಒರಟು ಮರೆತಿಲ್ಲ.

ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯವಳು ಜಯಮ್ಮ, ಸಿ.ಎಸ್. ಪುರದ ಕಡೆಯ ಹುಡುಗಿ. ಇನ್ನೂ ಮದುವೆಯಾಗಿರಲಿಲ್ಲ. ಹಲ್ಲಿನ ಬಾವಿಗೆಂದು ಅಂಗಡಿಯಿಂದ ತಂದ ಕ್ಯಾಪ್ಸೂಲು ತಿಂದವಳು. ಭೇದಿಯಾದಾಗ ಅದನ್ನೇ ಇನ್ನಷ್ಟು ತಂದು, ಆಸ್ಪತ್ರೆಗೆ ಬರುವವರೆಗೂ ವಾರಗಟ್ಟಲೆ ಕೊಟ್ಟಿದ್ದರು. ನನ್ನ ಕಥೆಯೇ, ಬಾಣಂತನ ಒಂದು ಬಿಟ್ಟು. ಅವಳ ತಾಯಿ ಹಾಸಿಗೆಯ ಕಾಲಿನ ಹತ್ತಿರ ನೆಲದ ಮೇಲೆ ಕೂತಿರುತ್ತಿದ್ದಳು.

ಜಯಮ್ಮ ಅಷ್ಟು ಸುಸ್ತಿನಲ್ಲೂ ನನ್ನನ್ನು ನಗಿಸುತ್ತಿದ್ದಳು.

"ಅಕ್ಕ, ಬೆಳಿಗ್ಗೆಯಿಂದ ನಿಮ್ದು ಎಷ್ಟನೇ ಟ್ರಿಪ್ಪು?"

"ಲೆಕ್ಕ ಬಿಟ್ಟಿದೀನಿ ಕಣೇ."

"ನಮ್ಮೂರಿಗೆ ಬಸ್ಸು ಬರದೇ ಅಪರೂಪ. ನಾನಿಲ್ಲಿ ಬಸ್ಸಿಗಿಂತ ಜಾಸ್ತಿ ಓಡಾಡ್ಬುಟ್ಟೆ."

"ಮುಚ್ಚೇ ಬಾಯಿ. ಅಷ್ಟು ದೊಡ್ಡೋರ ಜೊತೆ ಏನ್ ಮಾತು ಅದು" ಎಂದು ಅವಳ ತಾಯಿ ಗದರುವಳು. ಗದರಿ ತಾನೂ ನಗುವಳು.

ವಾರ್ಡಿಗೆ ಹೊಸದಾಗಿ ಬಂದಿದ್ದ ಡಾಕ್ಟ್ರಮ್ಮ ಒಬ್ಬರಿದ್ದರು. ಇಬ್ಬರನ್ನೂ ನೋಡಿ, ಕೇಳಿ, ಮೊದಲು ಹೇಳಿದ ಮಾತು, "ಕ್ಯಾಪ್ಸೂಲು ನಿಲ್ಸಿ. ಒಂದೂ ಕೊಡ್ಬೇಡಿ. ನೀರು ಕೊಡಿ, ಕೇಳ್ದಷ್ಟು ಕೊಡಿ." ಕೈಗೆ ಗ್ಲೂಕೋಸ್ ಹಾಕಿಸಿದರು. ಬೇರೊಂದು ಮಾತ್ರೆ ಬರೆದರು. ಅದನ್ನು ನುಂಗಿದರೆ ತುಕ್ಕು ಹಿಡಿದ ಕಬ್ಬಿಣ ಬಾಯಲ್ಲಿಟ್ಟುಕೊಂಡ ಹಾಗಿರುತ್ತಿತ್ತು.

ನಮ್ಮವರಿಗೆ ಇದು ಅರ್ಥವಾಗಲಿಲ್ಲ. ಕಾಯಿಲೆ ಜೋರಾದಾಗ ಔಷಧಿ ನಿಲ್ಲಿಸುವುದೆಂದರೇನು? ಗುಬ್ಬಿಯಿಂದ ಬಂದ ಅತ್ತಿಗೆ ಮುಖ ಬಿಗಿದುಕೊಂಡರು. "ಹೊಲಿಗೆ ಬಿಚ್ಕೊಂಡ್ರೆ ಇವ್ರು ಬಂದು ಹೊಲಿತಾರಾ?" ಎಂದು ತಮ್ಮನನ್ನು ಕೇಳಿದರು. ನಾಗರಾಜು ಅಕ್ಕನ ಎದುರು ಮಾತಾಡಿದವರಲ್ಲ. ಆದರೆ ಅವರು ಆಸ್ಪತ್ರೆಯ ಹಿಂದಿನ ನಲ್ಲಿಯಲ್ಲಿ ನನ್ನ ಬಟ್ಟೆಗಳನ್ನು ತಾವೇ ಒಗೆಯುತ್ತಿದ್ದರು. ನೋಡಿದ ಗಂಡಸರು ಹಂಗಿಸಿದರೆ, "ಕಚೇರಿ ಫೈಲಿಗಿಂತ ಇದೇ ವಾಸಿ ಬಿಡಿ" ಎನ್ನುತ್ತಿದ್ದರು.

ನಾನು ಸುಧಾರಿಸಬೇಕಿತ್ತು, ಸುಧಾರಿಸಲಿಲ್ಲ. ಒಂದು ದಿನ ಕಡಿಮೆಯಾದಂತಾಗಿ ಮರುದಿನ ಮತ್ತೆ ಜೋರು. ಮೈಯಲ್ಲಿ ಸುಡುವ ಜ್ವರ. ಡಾಕ್ಟ್ರಮ್ಮ ನನ್ನ ಹೊಟ್ಟೆ ಒತ್ತಿ ನೋಡಿ, ನಾಗರಾಜುವನ್ನು ಬಾಗಿಲಾಚೆ ಕರೆದುಕೊಂಡು ಹೋಗಿ ಏನೋ ಹೇಳಿದರು. ಹಿಂದಿರುಗಿ ಬಂದ ನಾಗರಾಜು ನನ್ನ ಕಣ್ಣು ತಪ್ಪಿಸಿ ಗ್ಲೂಕೋಸ್ ಬಾಟಲಿಯನ್ನೇ ನೋಡುತ್ತಾ ನಿಂತರು. ಮಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಅದಕ್ಕೆ ತಾಯಿ ಉಳಿಯುವುದಿಲ್ಲವೇನೋ ಎಂದು ನನಗೆ ಮೊದಲ ಸಲ ಸ್ಪಷ್ಟವಾಗಿ ಹೊಳೆದದ್ದು ಆಗ.

ನನಗೆ ಗೊತ್ತಿರದ ಸಂಗತಿ ಒಂದಿತ್ತು. ಅತ್ತಿಗೆ ಮಾಡಿ ತಂದಿದ್ದ ಬಾಣಂತಿ ಲೇಹದ ಬಾಟಲಿ ನನ್ನ ತಲೆಯ ಹತ್ತಿರ ಇರುತ್ತಿತ್ತು. ಮೆಣಸು, ಹಿಪ್ಪಲಿ, ಬೆಲ್ಲ, ತುಪ್ಪ ಹಾಕಿ ಕಾಯಿಸಿದ್ದು. ದಿನಾ ಎರಡು ಸಲ ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ನನ್ನ ಬಾಯಿಗೆ ತಾವೇ ಇಡುತ್ತಿದ್ದರು. ಲೇಹ ಕಹಿ ಎನ್ನಿಸುತ್ತಿತ್ತು. ಬಾಯೇ ಕೆಟ್ಟಿದೆ ಎಂದುಕೊಂಡಿದ್ದೆ. ಅವರು ಕ್ಯಾಪ್ಸೂಲನ್ನು ಬಿಚ್ಚಿ ಒಳಗಿನ ಪುಡಿಯನ್ನು ಲೇಹಕ್ಕೆ ಕಲಸಿದ್ದರು. ಡಾಕ್ಟರರ ಮಾತಿಗೆ ಎದುರಾಡಬಾರದು, ತಮ್ಮನ ಹೆಂಡತಿಯೂ ಸಾಯಬಾರದು. ಅವರಿಗೆ ತೋಚಿದ ದಾರಿ ಅದು. ಕಲಸುವುದನ್ನು ಅವ್ವ ನೋಡಿದ್ದಳು. ನೋಡಿ ಸುಮ್ಮನಿದ್ದಳು. ಗಂಡಿನ ಕಡೆಯವರ ಕೈ ಹಿಡಿಯುವುದು ಹೇಗೆ?

ಇನ್ನೊಂದು. ಅತ್ತಿಗೆ ಕೈ ಬಿಗಿ ಹಿಡಿದವರಲ್ಲ. ನನಗೆ ಒಂದು ಉಂಡೆ ಕೊಟ್ಟರೆ ಪಕ್ಕದ ಹಾಸಿಗೆಗೂ ಒಂದು ಚಾಚುತ್ತಿದ್ದರು. "ತಗೋ ಮಗಾ, ಮೈಗೆ ಶಕ್ತಿ ಬರುತ್ತೆ." ಜಯಮ್ಮ ಎರಡೂ ಕೈ ಒಡ್ಡಿ ತೆಗೆದುಕೊಳ್ಳುತ್ತಿದ್ದಳು.

ನಾಗರಾಜುವನ್ನು ಬಾಗಿಲಾಚೆ ಕರೆದು ಮಾತಾಡಿದ ಮರುದಿನ ಬೆಳಿಗ್ಗೆ ಡಾಕ್ಟ್ರಮ್ಮ ರೌಂಡ್ಸಿಗೆ ಬಂದಾಗ ಅವ್ವ ಕೈ ಮುಗಿದು, ಒಂದು ಸಲ ಊರಿಗೆ ಹೋಗಿಬರುತ್ತೇನೆ ಎಂದಳು.

"ಮಗಳು ಈ ಸ್ಥಿತೀಲಿದ್ದಾಗ ಊರಿಗ್ಯಾಕಮ್ಮ?"

"ಮಗು ನೋಡ್ಬೇಕು ತಾಯಿ. ಹಸೂಗೂ ಹುಷಾರಿಲ್ಲ, ಕೆಚ್ಚಲು ಬಾವು."

"ಔಷಧಿ ಹಾಕ್ಸಿದೀರಾ?"

"ಹೂ. ಬಾವು ಇಳೀತು. ಹಾಲು ಮಾತ್ರ ಹೆಪ್ಪಾಗ್ತಿಲ್ಲ. ಯಾರ ಮನೆ ಹೆಪ್ಪು ಹಾಕುದ್ರೂ ಆಗ್ತಿಲ್ಲ."

ಮುಂದಿನ ಹಾಸಿಗೆಗೆ ಹೊರಟಿದ್ದ ಡಾಕ್ಟ್ರಮ್ಮ ನಿಂತರು. ತಿರುಗಿ ಬಂದು ನನ್ನ ಹಾಸಿಗೆಯ ಅಂಚಿನಲ್ಲಿ ಕೂತರು. ಅಲ್ಲಿ ಯಾವ ಡಾಕ್ಟರೂ ಕೂರುತ್ತಿರಲಿಲ್ಲ.

"ಯಾಕೆ ಆಗ್ತಿಲ್ಲ ಗೊತ್ತಾ? ಔಷಧಿ ಹಾಲಿಗೂ ಇಳಿದಿದೆ. ಬಾವು ಮಾಡೋ ಹುಳಾನೂ ಕೊಲ್ಲುತ್ತೆ, ಮೊಸರು ಮಾಡೋ ಹುಳಾನೂ ಕೊಲ್ಲುತ್ತೆ. ಅದಕ್ಕೆ ಇದು ಬೇಕಾದ್ದು, ಇದು ಬೇಡಾದ್ದು ಅಂತ ಗೊತ್ತಾಗಲ್ಲ. ನಿಮ್ಮ ಮಗಳ ಹೊಟ್ಟೇಲೂ ಹಂಗೆ ಒಳ್ಳೇವು ಇರ್ತವೆ ಕಣಮ್ಮ. ಎಲ್ಲರ ಹೊಟ್ಟೇಲೂ ಇರ್ತವೆ. ಇವಳ ಹೊಟ್ಟೇಲಿ ಅವೆಲ್ಲ ಹೋಗ್ಬಿಟ್ಟಿವೆ. ಖಾಲಿಯಾದ ಜಾಗದಲ್ಲಿ ಕೆಟ್ಟದ್ದೊಂದು ಬಂದು ಕೂತಿದೆ. ಇನ್ನೂ ಕ್ಯಾಪ್ಸೂಲು ಹಾಕುದ್ರೆ ಸಾಯೋದು ಅದಲ್ಲ."

ಅವ್ವ ದಿನಾ ಮುಚ್ಚಳ ತೆಗೆದು ನೋಡಿದ್ದ ಆ ಹಾಲು, ತೆಳ್ಳಗೆ, ಬೆಳ್ಳಗೆ, ಏನೂ ಆಗದೆ ನಿಂತ ಹಾಲು, ಅವಳ ಕಣ್ಣಿನ ಮುಂದೆ ಬಂದಿರಬೇಕು. ನಾನು ಕಾಲೇಜಿನಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದಿದ್ದ ಸೂಕ್ಷ್ಮಜೀವಿಗಳೆಲ್ಲ ಕ್ಷಯದವು, ಕಾಲರಾದವು, ಶತ್ರುಗಳು. ನನ್ನೊಳಗೆ ಇದ್ದು ನನ್ನನ್ನು ಕಾಯುತ್ತಿದ್ದವೂ ಇದ್ದವೆಂದು, ಅವು ಹೋದ ಮೇಲೆ ತಿಳಿಯಿತು.

ಡಾಕ್ಟ್ರಮ್ಮ ಮುಂದಕ್ಕೆ ಹೋದರು. ಅವ್ವ ಎದ್ದು ಲೇಹದ ಬಾಟಲಿ ತೆಗೆದುಕೊಂಡಳು. ಅತ್ತಿಗೆ, "ಅದ್ಯಾಕೆ?" ಎಂದರು. ಅವ್ವ ವಾರ್ಡಿನ ಉದ್ದಕ್ಕೂ ನಡೆದು ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಹಿಂದಿರುಗಿ ಬಂದು ಖಾಲಿ ಬಾಟಲಿಯನ್ನು ಕಿಟಕಿಯ ಮೇಲೆ ಬೋರಲು ಹಾಕಿದಳು.

"ಬಾಟ್ಲಿ ತೊಳ್ದಿದೀನಿ ಗಂಗಮ್ಮನೋರೆ" ಎಂದಳು.

ಕೂಗಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅತ್ತಿಗೆ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಚೀಲ ತೆಗೆದುಕೊಂಡು ಗುಬ್ಬಿಯ ಬಸ್ಸಿಗೆ ಹೊರಟುಬಿಟ್ಟರು. ಅವ್ವ ಲೇಹದ ವಿಷಯವನ್ನು ನನಗೂ ನಾಗರಾಜುವಿಗೂ ಆಗ ಹೇಳಿದಳು. ಜಯಮ್ಮನ ತಾಯಿಯ ಪಕ್ಕದಲ್ಲಿ ಕೂತು, "ನಿಮ್ಮ ಮಗಳಿಗೂ ಕೊಟ್ಟವ್ರೆ ಕಣವ್ವ. ಇನ್ನ ತಿನ್ನಿಸ್ಬೇಡಿ" ಎಂದು ಅವಳಿಗೂ ಹೇಳಿದಳು. ಜಯಮ್ಮ ಕಣ್ಣು ಮುಚ್ಚಿಕೊಂಡೇ ಸಣ್ಣಗೆ ನಕ್ಕಳು. ಏನೋ ಹೇಳಬೇಕೆಂದು ತುಟಿ ತೆರೆದವಳು ಹೇಳಲಿಲ್ಲ.

ಅವಳ ಹೊಟ್ಟೆ ಉಬ್ಬುತ್ತಾ ಬಂತು. ಭೇದಿ ನಿಂತುಹೋಯಿತು. ತಾನು ಹೊತ್ತ ಹರಕೆ ಫಲಿಸಿತೆಂದು ಅವಳ ತಾಯಿ ನನಗೆ ಹೇಳಿದಳು. ಡಾಕ್ಟ್ರಮ್ಮನ ಮುಖ ನೋಡಿದರೆ ಅದು ಒಳ್ಳೆಯದಲ್ಲ ಎಂದು ಗೊತ್ತಾಗುತ್ತಿತ್ತು. ಕರುಳು ಊದಿ ಒಡೆಯುವಂತಾಗಿದೆ, ಆಪರೇಷನ್ ಮಾಡಲೇಬೇಕೆಂದು ಒಂದು ಮಧ್ಯಾಹ್ನ ಟ್ರಾಲಿ ತಂದರು. ಅವಳು ನನ್ನ ಕಡೆ ತಿರುಗಿ, "ಇದೊಂದು ಟ್ರಿಪ್ಪು ಮಲಗ್ಕಂಡೇ ಹೋಗ್ಬೋದು ಅಕ್ಕ" ಎಂದಳು. ಹಿಂದಿರುಗಿ ಬರಲಿಲ್ಲ.

ಅವಳ ಹಾಸಿಗೆ ತೆಗೆಯಲು ಆಯಾ ಬಂದ ಹೊತ್ತಿಗೆ ಅತ್ತಿಗೆ ಮತ್ತೆ ಬಂದಿದ್ದರು. ಕೈಯಲ್ಲಿ ನನಗೆಂದು ಮಾಡಿದ ಅಕ್ಕಿ ಗಂಜಿಯ ಕ್ಯಾರಿಯರ್. ಬಾಗಿಲಲ್ಲೇ ವಿಷಯ ಕೇಳಿ ಅಲ್ಲೇ ನಿಂತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನನ್ನ ಹಾಸಿಗೆಯಿಂದ ಆ ಹಾಸಿಗೆಗೆ ದಾಟುತ್ತಿದ್ದ ಆ ಕೈ, ಒಡ್ಡಿದ ಎರಡು ಕೈ. ಅತ್ತಿಗೆಯ ತಲೆಯಲ್ಲೂ ಅದೇ ಇದ್ದಿರಬೇಕು. ಅವರ ಮುಖದಲ್ಲಿ ರಕ್ತವಿರಲಿಲ್ಲ.

ಆಯಾ ದಿಂಬು ಎತ್ತಿದಳು. ಕೆಳಗೆ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದರೆ ಲೇಹದ ಉಂಡೆಗಳು. ಇರುವೆ ಮುತ್ತಿದ್ದವು. ಕೊಟ್ಟದ್ದೆಲ್ಲ ಹಾಗೆಯೇ ಇತ್ತು.

"ನನ್ ಕೈಲಿ ಹೇಳಿದ್ಲು" ಎಂದು ಅವಳ ತಾಯಿ ಅಳದೆ ಹೇಳಿದಳು. "ಮದ್ವೆ ಆಗ್ದೇ ಇರೋಳು ಬಾಣಂತಿ ಲೇಹ ತಿಂದ್ರೆ ಜನ ಏನಂದಾರು ಅಂತ. ಬ್ಯಾಡ ಅಂದ್ರೆ ಆಯಮ್ಮ ನೊಂದ್ಕತಾರೆ, ಇಸ್ಕಂಡು ಮಡಿಕ್ಕತೀನಿ ಅಂದ್ಲು."

ಅತ್ತಿಗೆ ಕ್ಯಾರಿಯರ್ ಹಿಡಿದುಕೊಂಡೇ ನೆಲಕ್ಕೆ ಕೂತರು. "ನನ್ ಕೈಯಿಂದ ಅಲ್ಲ ಅಲ್ವಾ. ನನ್ ಕೈಯಿಂದ ಅಲ್ಲ" ಎಂದು ಹೇಳುತ್ತಲೇ ಇದ್ದರು. ಸಮಾಧಾನ ಮಾಡಲು ಹೋದದ್ದು ಜಯಮ್ಮನ ತಾಯಿಯೇ.

ನಾನು ಉಳಿದೆ. ಬೇಗ ಅಲ್ಲ, ನೇರವಾಗಿಯೂ ಅಲ್ಲ. ಒಮ್ಮೆ ಮನೆಗೆ ಹೋಗಿ, ಮತ್ತೆ ಶುರುವಾಗಿ, ಮತ್ತೆ ಅದೇ ವಾರ್ಡಿಗೆ ಬಂದೆ. ಎದೆಹಾಲು ಬತ್ತಿಹೋಗಿತ್ತು. ಮಗಳು ಬಾಟಲಿ ಹಾಲಿನಲ್ಲೇ ಬೆಳೆದಳು. ತಲೆಗೂದಲು ಕೈಗೆ ಕೈಗೆ ಬಂತು. ಅವ್ವ ಗಂಜಿ ಕೊಟ್ಟಳು, ಆಮೇಲೆ ನೀರು ಮಜ್ಜಿಗೆ ಕೊಟ್ಟಳು. ಮಜ್ಜಿಗೆಯೇ ಉಳಿಸಿತೆಂದು ನಾನು ಹೇಳುವುದಿಲ್ಲ, ಡಾಕ್ಟ್ರಮ್ಮನೂ ಹೇಳಲಿಲ್ಲ. ಹೊಟ್ಟೆ ತನ್ನ ಪಾಡಿಗೆ ಮತ್ತೆ ತುಂಬಿಕೊಳ್ಳಬೇಕು, ನಾವು ಅದಕ್ಕೆ ಅಡ್ಡ ಬರಬಾರದು ಎಂದರು ಅಷ್ಟೇ. ಗೌರಿಯ ಹಾಲು ಹೆಪ್ಪುಗಟ್ಟಿದ ಬೆಳಿಗ್ಗೆ ಅವ್ವ ಪಾತ್ರೆಯನ್ನು ನನ್ನ ಹಾಸಿಗೆಗೇ ತಂದು ಅಲುಗಾಡಿಸಿ ತೋರಿಸಿದಳು. ಮೊಸರು ಅಲುಗಲಿಲ್ಲ. ನಾವಿಬ್ಬರೂ ಅದನ್ನು ನೋಡುತ್ತಾ ಕೂತಿದ್ದೆವು.

ಈಗ ನಾವು ತುಮಕೂರಿನ ಶೆಟ್ಟಿಹಳ್ಳಿಯಲ್ಲಿದ್ದೇವೆ. ಮಗಳು ಸ್ಕೂಲಿಗೆ ಹೋಗುತ್ತಾಳೆ. ಅವಳಿಗೆ ಜ್ವರ ಬಂದರೆ ನನ್ನ ಕೈಕಾಲು ತಣ್ಣಗಾಗುತ್ತದೆ. ಬೇಕಾದಾಗ ಔಷಧಿ ಕೊಡಲೇಬೇಕೆಂದು ಗೊತ್ತು, ಕೊಡುತ್ತೇನೆ. ಕೊಟ್ಟು, ಅವಳು ನುಂಗುವುದನ್ನು ನೋಡಲಾರದೆ ಆಚೆ ಹೋಗುತ್ತೇನೆ. ಅತ್ತಿಗೆಯ ಮನೆಯ ಗೂಡಿನಲ್ಲಿ ಬಾಟಲಿ ಇಲ್ಲ. ಅದರ ಬಗ್ಗೆ ನಾವ್ಯಾರೂ ಮಾತಾಡಿಲ್ಲ.

ಹೋದ ವರ್ಷ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಜಯಮ್ಮನ ತಾಯಿ ಸಿಕ್ಕಳು. ಗುರುತು ಹಿಡಿದದ್ದು ಅವಳೇ. ನನ್ನ ಪಕ್ಕದಲ್ಲಿದ್ದ ಮಗಳ ತಲೆ ನೇವರಿಸಿ, "ಇದೇ ಕೂಸಾ ಅವಾಗ್ಲದು" ಎಂದಳು. ಆಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು.

"ನಿನ್ಗೆ ಯಾವ ಔಸ್ತಿ ಕೊಟ್ರವ್ವ? ನಮ್ ಜಯಂಗೆ ಕೊಡ್ದೇ ಇದ್ದದ್ದು?"

"ಇಬ್ರಿಗೂ ಅದನ್ನೇ ಕೊಟ್ರಮ್ಮ. ಜಯಮ್ಮಂಗೆ ಮನೇಲೇ ವಾರಗಟ್ಲೆ ಕ್ಯಾಪ್ಸೂಲು ಹೋಗಿತ್ತು, ನನಗೆ ಅಷ್ಟ್ರೊಳಗೆ ನಿಲ್ತು, ಅಷ್ಟೇ" ಎಂದೆ. ಹೇಗೆ ನಿಂತಿತೆಂದು ಕೇಳಿದಳು. ಗೌರಿಯ ಕೆಚ್ಚಲು, ಟ್ಯೂಬು, ಹೆಪ್ಪಾಗದ ಹಾಲು, ಬಾಟಲಿ ತೊಳೆದ ಅವ್ವ, ಎಲ್ಲ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಸಿ.ಎಸ್. ಪುರದ ಬಸ್ಸು ಬಂದು ನಿಂತಿತು. ಗಂಟು ಎತ್ತಿಕೊಂಡು, ಮೆಟ್ಟಿಲಿಗೆ ಕಾಲಿಟ್ಟವಳು ತಿರುಗಿದಳು.

"ನಿಮ್ಗೆ ಹಸ ಇತ್ತು, ತಿಳೀತು" ಎಂದಳು. "ನಮ್ಗೆ ಹಸ ಇರ್ಲಿಲ್ಲ ಕಣವ್ವ."